ಕರೆಂಟ್ ಕೊಡಸಾಕ ಹೋದವರು

ಗೋಕಾಕದ ಕಡೆಯ ಕುಲಗೋಡ ಅಂದರೆ ಶ್ರೀಕೃಷ್ಣ ಪಾರಿಜಾತ, ಆ ಊರಿನ ತಮ್ಮಣ್ಣ ತಿದ್ದಿ ಬೆಳೆಸಿದ ಬಯಲಾಟ. ರಾತ್ರಿಯಿಡೀ ಕುಣಿದ ಸತ್ಯಭಾಮೆ ಮೊಣಕಾಲು ಹಿಡಿದು ಕೂತದ್ದನ್ನು ನಾನಂತೂ ಕೇಳಿಲ್ಲ. ಕೂತು ನೋಡಿದವರಿಗೇ ಬೆಳಗಾಗುವಷ್ಟರಲ್ಲಿ ನಡ ಹಿಡಿದಿರುತ್ತದೆ.

ಈ ಸೀಮೆಯಲ್ಲಿ ನೋವಿಗೂ ಒಂದು ರೂಟ್ ಇದೆ. ಕಬಡ್ಡಿಯಲ್ಲಿ ಹುಡುಗನ ಪಾದ ಉಳುಕಿತೋ, ಮೊದಲು ಎಣ್ಣೆ ಹಚ್ಚಿ ಗಸಗಸ ತಿಕ್ಕುವ ಕಾಕಾ. ಬಾವು ಇಮ್ಮಡಿಯಾದ ಮೇಲೆ "ಒಂದ್ ಸೂಜಿ ಮಾಡ್ರಿ ಡಾಕ್ಟರ". ಎಲ್ಲ ಮುಗಿದ ಮೇಲೆ ಗೋಕಾಕವೋ ಬೆಳಗಾವಿಯೋ, ಫಿಜಿಯೋಥೆರಪಿ. ಅಲ್ಲಿಗೂ ಹೋಗುವುದು ವ್ಯಾಯಾಮ ಕಲಿಯಲಿಕ್ಕಲ್ಲ ಮತ್ತೆ, "ಕರೆಂಟ್ ಕೊಡಸಾಕ"! ಮಷಿನ್ ಜುಂ ಅಂದರೆ ರೊಕ್ಕ ವಸೂಲು. ಕರೆಂಟು ನೋವನ್ನು ಒಂದಿಷ್ಟು ಹೊತ್ತು ಮರೆಸೀತು. ಸ್ನಾಯುವಿಗೆ ಕಸುವು ತುಂಬುವುದು ಮನೆಯಲ್ಲಿ ಮಾಡಿರೆಂದು ಬರೆದುಕೊಟ್ಟ ಚೀಟಿ. ಅದು ದೇವರ ಫೋಟೋದ ಹಿಂದೆ ಸೇರಿ ದಿನಾ ಊದಿನಕಡ್ಡಿ ಹೊಗೆ ಕುಡಿಯುತ್ತಿರುತ್ತದೆ.

ಅಂಥ ಚೀಟಿಯ ವ್ಯಾಯಾಮಕ್ಕೆ ಎಷ್ಟು ಕಸುವು ಅಂತ ಕೇಳಿ. ಸ್ವೀಡನ್ನಿನಲ್ಲಿ ಹಾಕನ್ ಆಲ್ಫ್ರೆಡ್ಸನ್ ಅಂತ ಮೂಳೆ ಡಾಕ್ಟರು. ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ನೊಂದು ಓಡಲಾಗದೆ, ನನಗೂ ಆಪರೇಷನ್ ಮಾಡಿ ಅಂದರಂತೆ. ಮೇಲಿನವರು ಒಪ್ಪಲಿಲ್ಲ. ಸಿಟ್ಟಿಗೆದ್ದ ಮನುಷ್ಯ, ರಜ್ಜು ಪೂರ್ತಿ ಹರಿದರಾದರೂ ಆಪರೇಷನ್ ಮಾಡಿಯಾರು ಅಂತ ನೋಯುವ ಕಾಲಿನ ಮೇಲೇ ಭಾರ ಹಾಕಿ ಹಿಮ್ಮಡಿ ಇಳಿಸತೊಡಗಿದರು. ಹರಿಯಲಿಲ್ಲ, ವಾಸಿಯಾಯಿತು! 1998ರಲ್ಲಿ ಅದನ್ನೇ 15 ಓಟಗಾರರಿಗೆ ಮಾಡಿಸಿದ ವರದಿ ಬಂತು: ದಿನಕ್ಕೆ 180 ಸಲ, 12 ವಾರ. ಎಲ್ಲರೂ ಮತ್ತೆ ಓಡಿದರು. ನಮ್ಮವರಿಗೆ 12 ವಾರ ಅಂದು ನೋಡಿ, "ಗುಳಿಗಿ ಇಲ್ಲೇನ್ರೀ?"

ಗರಡಿಮನೆ ಇದ್ದ ನಾಡಿದು. ಅಜ್ಜ ಬೆಳಗಿನ ಜಾವ ಪುಕ್ಕಟೆ ಬೈಠಕ್ ಹೊಡೆಯುತ್ತಿದ್ದ. ಮೊಮ್ಮಗ ಹತ್ತು ಬೈಠಕ್ ಕಲಿಯಲು ಫೀ ಕಟ್ಟುತ್ತಾನೆ, ಐದು ಮಾಡುತ್ತಾನೆ, "ಗುಣ ಇಲ್ಲ" ಅನ್ನುತ್ತಾನೆ.

ಕಬ್ಬು ಕಡಿಯುವವರ ತಕರಾರು ಮಾತ್ರ ನ್ಯಾಯದ್ದು. "ದಿನಾ ಬಾಗಿ ಏಳ್ತೀನಿ, ಮತ್ಯಾಕ ಕಸರತ್ತು?" ಒಂದೇ ನಡ, ಒಂದೇ ಬಾಗು, ಒಂದೇ ಕೈ, ದುಡಿದದ್ದೇ ದುಡಿಯುತ್ತದೆ, ಉಳಿದದ್ದು ಸೊರಗುತ್ತದೆ. ಅವರಿಗೆ "ರೆಸ್ಟ್ ತಗೊಳ್ಳಿ" ಎನ್ನುವುದು ಡಾಕ್ಟರಿಗೆ ಸುಲಭ, ಹೊಟ್ಟೆಗೆ ಕಷ್ಟ. ನಡುನಡುವೆ ನೆಟ್ಟಗೆ ನಿಂತು ಹಿಂದಕ್ಕೆ ಬಾಗುವುದಕ್ಕೆ ಮುಕಾದಮನೂ ಪಗಾರ ಕಡಿಯಲಾರ.

ಆಯಿತು, ಚೀಟಿ ಹೊರಗೆ ತೆಗೆಯಿರಿ. ಉಳುಕಿದ ಹೊಸದರಲ್ಲಿ ತಿಕ್ಕಬೇಡಿ. ಪಟ್ಟಿ ಸುತ್ತಿ, ಕಾಲು ಎತ್ತರಕ್ಕಿಡಿ. ನಾಲ್ಕು ಹೆಜ್ಜೆ ಹಾಕಲಾಗದಿದ್ದರೆ ಮೊದಲು ಎಕ್ಸ್‌ರೇ. ನಡನೋವಿನ ಜೊತೆ ಕಾಲು ಜೋಮು ಹಿಡಿದು ಮೂತ್ರದ ಹಿಡಿತ ತಪ್ಪಿದರೆ ಫಿಜಿಯೋನೂ ಬೇಡ, ಕಾಕಾನೂ ಬೇಡ. ಅದೇ ದಿನ ದೊಡ್ಡ ಆಸ್ಪತ್ರೆಗೆ ಹೊರಡಿ.