ಹಂಗ ಸುಮ್ನ ಕೇಳತೇನ್ರಿ

ಬೆಳಗಾವಿಯಲ್ಲಿ ಕರಿ ಕೋಟು ಹಾಕಿದವನಿಗೆ ಮದುವೆಯೂಟವನ್ನು ಬಿಸಿಬಿಸಿಯಾಗಿ ಉಣ್ಣುವ ಯೋಗ ಬರೆದಿಲ್ಲ. ಹೋಳಿಗೆಗೆ ತುಪ್ಪ ಬೀಳುವ ಹೊತ್ತಿಗೇ ಪಕ್ಕದ ಎಲೆಯವರು ಇತ್ತ ವಾಲುತ್ತಾರೆ: "ವಕೀಲ್ರ, ಹಂಗ ಸುಮ್ನ ಒಂದ ಮಾತ ಕೇಳತೇನ್ರಿ." ಪ್ರಶ್ನೆ ಎಂದೂ ಅವರದಲ್ಲ, ಗೆಳೆಯನದು. ಗೆಳೆಯನ ಹೊಲದ ಉತಾರದಲ್ಲಿ ಇನ್ನೂ ಅಜ್ಜನ ಹೆಸರೇ ಇದೆ, ಗೆಳೆಯನ ತಮ್ಮ ಬದು ಒತ್ತಿದ್ದಾನೆ. ಸರ್ವೆ ನಂಬರು, ಎಕರೆ, ಗುಂಟೆ, ಚಕ್ಕುಬಂದಿ ಮಾತ್ರ ಇವರಿಗೆ ಬಾಯಿಪಾಠ.

ಚನ್ನಮ್ಮ ಸರ್ಕಲ್ಲಿನ ಕೋರ್ಟು ಬಿಟ್ಟು ಖಾನಾಪುರದ ಬಸ್ಸು ಹತ್ತಿದರೂ ಬಿಡುಗಡೆ ಇಲ್ಲ. ಕಂಡಕ್ಟರು ಚಿಲ್ಲರೆ ಎಣಿಸುತ್ತಲೇ ಕೇಳಿದರು: "ನೂರು ರೂಪಾಯಿ ಬಾಂಡಿನ ಮ್ಯಾಲ ಬರಸ್ಕೊಂಡ ಜಾಗಾ ನಡೀತದೇನ್ರಿ?" ನಡೆಯುವುದಿಲ್ಲ. ನೂರು ರೂಪಾಯಿಯ ಮತ್ತು ಅದಕ್ಕೆ ಮೇಲ್ಪಟ್ಟ ಜಾಗ ಮಾರಿದರೆ ನೋಂದಣಿ ಆಗಲೇಬೇಕೆಂದು 1882ರ ಆಸ್ತಿ ವರ್ಗಾವಣೆ ಕಾಯ್ದೆ ಹೇಳುತ್ತದೆ. ಆಗಿನ ನೂರಕ್ಕೆ ಹೊಲವೇ ಬರುತ್ತಿತ್ತೇನೋ, ಈಗ ಮನೆಮಂದಿಗೆಲ್ಲ ಸಾಲುವಷ್ಟು ಕುಂದಾ ಕೂಡ ಬರದು. ಇನ್ನೊಂದು ಗಮ್ಮತ್ತು: ಬಾಂಡು ಬೇಕೇ ಬೇಕು ಎಂದು ಜನ ನಂಬಿರುವ ಮೃತ್ಯುಪತ್ರಕ್ಕೆ ಅದು ಬೇಡವೇ ಬೇಡ. ಬಿಳಿ ಹಾಳೆ, ಬರೆಸಿದವರ ಸಹಿ, ಇಬ್ಬರು ಸಾಕ್ಷಿದಾರರು ಸಾಕು. ಹೀಗೆಂದಾಗ ಕಂಡಕ್ಟರರ ಮುಖ ಸಪ್ಪಗಾಯಿತು. ಅಷ್ಟು ಸಸ್ತಾ ಕಾಗದದ ಮೇಲೆ ಅವರಿಗೆ ವಿಶ್ವಾಸವಿಲ್ಲ.

ಪಂಚಮಿ ಹತ್ತಿರ ಬಂದಾಗ ಆಫೀಸಿಗೆ ಅಣ್ಣಂದಿರು ಬರುತ್ತಾರೆ. ತಂಗಿಯನ್ನು ಹಬ್ಬಕ್ಕೆ ಕರೆಯಲು ಹೊರಟವರು. ಚೀಲದಲ್ಲಿ ಉಂಡಿ ಡಬ್ಬಿ, ಇಳಕಲ್ ಸೀರೆ, ಸೀರೆಯ ಮಡಿಕೆಯೊಳಗೆ ಹಕ್ಕು ಬಿಡುಗಡೆ ಪತ್ರ. "ಮದವಿ ಮಾಡಿ ಕೊಟ್ಟೇವಲ್ರಿ, ಆಕೀಗ ಪಾಲು ಎಲ್ಲಿ ಬರ್ತದ?" ಬರುತ್ತದೆ. 1994ರ ಕರ್ನಾಟಕದ ತಿದ್ದುಪಡಿ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿದ್ದು ನಿಜ. ಆದರೆ 2005ರ ಸೆಪ್ಟೆಂಬರ್ 9ರಿಂದ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ಆ ದಿನ ಅಪ್ಪ ಬದುಕಿರಲೇಬೇಕೆಂದೇನಿಲ್ಲ ಎಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2020ರಲ್ಲಿ ಸ್ಪಷ್ಟ ಮಾಡಿತು. ಒಬ್ಬ ಅಣ್ಣ ಇದೆಲ್ಲ ತಾಳ್ಮೆಯಿಂದ ಕೇಳಿ, ಡಬ್ಬಿ ತೆಗೆದು ನನ್ನ ಕೈಗೊಂದು ಶೇಂಗಾ ಉಂಡಿ ಇಟ್ಟು, ದನಿ ತಗ್ಗಿಸಿದ: "ಇದು ತಂಗೀಗೆ ಯಾರರ ಹೇಳ್ಯಾರೇನ್ರಿ?"

ಉಂಡಿ ಚಲೋ ಇತ್ತು.

ಎಲ್ಲರೂ ಕೇಳುವ ಕೊನೆಯ ಪ್ರಶ್ನೆ, ಕೇಸು ಎಷ್ಟು ದಿನ ನಡೆದೀತು? ಇದಕ್ಕೆ ನಾನು ಊರನ್ನೇ ತೋರಿಸುತ್ತೇನೆ. ಬೆಳಗಾವಿ ಯಾರದೆಂದು ಮಹಾಜನ ಆಯೋಗ 1967ರಲ್ಲೇ ವರದಿ ಕೊಟ್ಟಿತು. ಒಪ್ಪದ ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ನಾವು ಅದೇ ಊರಲ್ಲಿ ಕೂತು ಗುಂಟೆಗಾಗಿ ಬಡಿದಾಡುತ್ತಿದ್ದೇವೆ. ಖಾನಾಪುರ ತಾಲೂಕಿನವರಂತೂ ಇನ್ನೂ ಮುಂದೆ. ಅಲ್ಲಿ ಹಳ್ಳದ ಮೇಲೂ ವ್ಯಾಜ್ಯ. ಕಣಕುಂಬಿಯ ಕಳಸಾ ನಾಲೆಯೂ ಸೇರಿದ ಮಹದಾಯಿ ತಕರಾರಿನಲ್ಲಿ 2018ರ ಐತೀರ್ಪು ಕರ್ನಾಟಕಕ್ಕೆ 13.42 ಟಿಎಂಸಿ ಕೊಟ್ಟಿತು, ಆ ತೀರ್ಪಿನ ಮೇಲೂ ತಕರಾರು. ಕಾಕಾ ಒಬ್ಬರು ನಿಟ್ಟುಸಿರು ಬಿಟ್ಟರು: "ನಮ್ಮೂರ ಹಳ್ಳಕ್ಕ ದಿಲ್ಲಿಯೊಳಗ ದೊಡ್ಡ ದೊಡ್ಡ ವಕೀಲರದಾರ. ನನಗ ನೀವೊಬ್ರ."

ಕಕ್ಷಿದಾರರ ಗುಟ್ಟನ್ನು ನಾನು ಬಿಟ್ಟುಕೊಡುವಂತಿಲ್ಲ. ಕಾಯ್ದೆಯಲ್ಲಿ ಗುಟ್ಟೇನಿಲ್ಲವಲ್ಲ! ಬೆಳಗಾವಿಯಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ, ಖಾನಾಪುರದಲ್ಲಿ ತಾಲೂಕು ಸಮಿತಿಯಿದೆ, ಫೋನು 15100. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ವಕೀಲರನ್ನು ಪುಕ್ಕಟೆ ಕೊಡುತ್ತಾರೆ. ನಿಮ್ಮ ತಂಗಿಯರಿಗೆ, ಅಕ್ಕಂದಿರಿಗೆ ಹೇಳಿಬಿಡಿ, ಪಂಚಮಿಗೆ ಮೊದಲೇ.