ಇನ್ನರ್ಧ ಸುತ್ತು

ಮಿನಿ ಟ್ರ್ಯಾಕ್ಟರ್ ಬಂದ ಮೇಲೆ ನಮ್ಮ ಊರುಗಳಲ್ಲಿ ಹೊಸ ಬಗೆಯ ಯಜಮಾನರು ಹುಟ್ಟಿಕೊಂಡಿದ್ದಾರೆ. ಮಲೆನಾಡಿನ ಅಡಿಕೆ ತೋಟವಿರಲಿ, ವಿಜಯಪುರದ ದ್ರಾಕ್ಷಿ ಪಡವಿರಲಿ, ದೊಡ್ಡ ಗಾಡಿ ನುಗ್ಗಲಾರದ ಸಾಲುಗಳಲ್ಲಿ 15ರಿಂದ 25 ಎಚ್‌ಪಿಯ ಈ ಪುಟ್ಟ ಗಾಡಿ ಓಡಾಡುತ್ತದೆ. ಕೊಂಡವರಲ್ಲಿ ನಿವೃತ್ತ ಮೇಷ್ಟ್ರು, ಬ್ಯಾಂಕ್ ಮ್ಯಾನೇಜರು, ಬೆಂಗಳೂರಿನ ಕಂಪ್ಯೂಟರ್ ಬಿಟ್ಟು ಬಂದವರು ಎಲ್ಲರೂ ಇದ್ದಾರೆ. ಇವರನ್ನು ಗುರುತಿಸುವುದು ಸುಲಭ. ಕಂಪನಿ ಕೊಟ್ಟ ಕೈಪಿಡಿ ಪೂಜೆಯ ದಿನ ಹಚ್ಚಿದ ಅರಿಶಿನ ಕುಂಕುಮದ ಸಮೇತ ದೇವರ ಗೂಡಿನಲ್ಲಿ ಪ್ಲಾಸ್ಟಿಕ್ ಕವರ್ ಬಿಚ್ಚದೆ ಕೂತಿರುತ್ತದೆ; ಯಜಮಾನರು ಪಾನಾ ಹಿಡಿದು ಗಾಡಿಯಡಿ ಮಲಗಿರುತ್ತಾರೆ. 'ಬ್ರೇಕ್ ಯಾಕೋ ಸಡಿಲ ಅನ್ನಿಸ್ತು' ಎಂಬುದು ಅವರ ವಿವರಣೆ, 'ಇನ್ನರ್ಧ ಸುತ್ತು' ಎಂಬುದು ಅವರ ಚಿಕಿತ್ಸೆ. ಸುತ್ತ ನಿಂತ ನಾಲ್ಕು ಜನ ನಾಲ್ಕು ಸಲಹೆ ಕೊಡುತ್ತಾರೆ, ನಾಲ್ಕರ ಸಾರಾಂಶವೂ ಅರ್ಧ ಸುತ್ತೇ.

ಇಂಥವರು ಎಡವುವುದು ಯಂತ್ರದ ತಿಳಿವಳಿಕೆ ಇಲ್ಲದೆ ಎಂದು ಊರು ನಗುತ್ತದೆ. ಅದು ಪೂರ್ತಿ ನ್ಯಾಯವಲ್ಲ. ಯಾವ ನಟ್ಟು, ಎಷ್ಟನೇ ನಂಬರಿನ ಪಾನಾ ಎಂಬುದು ಇವರಿಗೆ ಎರಡೇ ವಾರದಲ್ಲಿ ಬಾಯಿಪಾಠವಾಗಿರುತ್ತದೆ. ತೊಂದರೆ ಇರುವುದು ನಂಬಿಕೆಯಲ್ಲಿ: ಬಿಗಿ ಇದ್ದಷ್ಟೂ ಭದ್ರ ಎಂಬ ನಂಬಿಕೆ. ಉಪ್ಪಿನಕಾಯಿ ಜಾಡಿಯ ಮುಚ್ಚಳಕ್ಕೆ ಈ ತತ್ವ ಸರಿ, ಬ್ರೇಕಿಗೆ ಅಲ್ಲ. ಪೆಡಲ್ ಒತ್ತಿದಾಗ ಮೊದಲ ಒಂದಿಷ್ಟು ದೂರ ಅದು ಏನೂ ಮಾಡದೆ ಸುಮ್ಮನೆ ಇಳಿಯಬೇಕು. ಮೆಕ್ಯಾನಿಕ್‌ಗಳು ಇದನ್ನು ಪ್ಲೇ ಎನ್ನುತ್ತಾರೆ. ಹಲವು ಮಾದರಿಗಳಲ್ಲಿ ಇದು 20ರಿಂದ 40 ಮಿಲಿಮೀಟರ್ ನಡುವೆ ಇರುತ್ತದೆ, ಸರಿಯಾದ ಅಳತೆ ಆಯಾ ಗಾಡಿಯ ಕೈಪಿಡಿಯಲ್ಲಿದೆ. ಆ ಸಡಿಲವನ್ನು ದೋಷವೆಂದು ಬಗೆದು ಪೂರ್ತಿ ನುಂಗಿಹಾಕಿದರೆ, ಕಾಲು ತೆಗೆದ ಮೇಲೂ ಬ್ರೇಕ್ ಸ್ವಲ್ಪ ಹಿಡಿದೇ ಇರುತ್ತದೆ. ಆಗ ಲೈನರ್ ಕಾದು ಸವೆಯುತ್ತದೆ, ಎಂಜಿನ್ ತನ್ನದೇ ಬ್ರೇಕಿನ ಜೊತೆ ಜಗ್ಗಾಡಿ ಡೀಸೆಲ್ ಕುಡಿಯುತ್ತದೆ. ಸವೆದದ್ದರಿಂದ ಮತ್ತೆ ಸಡಿಲವಾಗುತ್ತದೆ. ಯಜಮಾನರು ಮತ್ತೆ ಮಲಗುತ್ತಾರೆ.

ಎರಡನೆಯ ಸಾಕ್ಷಿ ಇನ್ನೂ ಬಲವಾದದ್ದು. ಕಾರಿಗೆ ಬ್ರೇಕ್ ಪೆಡಲ್ ಒಂದು. ಟ್ರ್ಯಾಕ್ಟರಿಗೆ ಎರಡು, ಎರಡೂ ಬಲಗಾಲಿನ ಪಾಲಿಗೆ. ಒಂದು ಎಡ ಹಿಂಗಾಲಿಗೆ, ಇನ್ನೊಂದು ಬಲ ಹಿಂಗಾಲಿಗೆ. ಸಾಲಿನ ತುದಿಯಲ್ಲಿ ತಿರುಗಬೇಕಾದ ಕಡೆಯ ಪೆಡಲ್ ಒತ್ತಿದರೆ ಆ ಚಕ್ರ ನಿಂತು, ಡಿಫರೆನ್ಷಿಯಲ್‌ನ ಕೃಪೆಯಿಂದ ಆಚೆಯ ಚಕ್ರ ಎರಡು ಪಟ್ಟು ವೇಗದಲ್ಲಿ ತಿರುಗಿ ಗಾಡಿ ಗಿರಕಿ ಹೊಡೆಯುತ್ತದೆ. ರಸ್ತೆಗೆ ಬಂದಾಗ ಕೊಂಡಿ ಹಾಕಿ ಎರಡನ್ನೂ ಒಂದು ಮಾಡಬೇಕು. ಅಂದಮೇಲೆ ಇಲ್ಲಿ ಮುಖ್ಯವಾದದ್ದು ಎರಡೂ ಕಡೆ ಸಮನಾಗಿರುವುದು. ಬಿಗಿಯ ಮಾತು ಆಮೇಲಿನದು. ನಮ್ಮ ಯಜಮಾನರು ಸುಲಭವಾಗಿ ಕೈಗೆಟುಕುವ ನಟ್ಟಿಗೆ ಎರಡು ಸುತ್ತು ಕೊಟ್ಟು, ಕೆಸರು ಮೆತ್ತಿದ ಕಡೆಯದಕ್ಕೆ ಒಂದು ನೋಟ ಕೊಟ್ಟು ಏಳುತ್ತಾರೆ. ತೋಟದಲ್ಲಿ ಸದಾ ಒಂದೇ ಕಡೆಗೆ ತಿರುಗಿಸುವ ಅಭ್ಯಾಸವಿದ್ದರಂತೂ ಆ ಬದಿಯ ಲೈನರ್ ಮೊದಲೇ ಹೆಚ್ಚು ಸವೆದಿರುತ್ತದೆ. ಇಂಥ ಗಾಡಿಯನ್ನು ರಸ್ತೆಯಲ್ಲಿ ಗಕ್ಕನೆ ನಿಲ್ಲಿಸಹೋದರೆ ಅದು ನಿಲ್ಲುವ ಮೊದಲು ಒಂದು ಪಕ್ಕಕ್ಕೆ ಎಳೆಯುತ್ತದೆ. ಇನ್ನು ಇವರ ಜಾಗರೂಕತೆಯ ಶಿಖರ ಯಾವುದೆಂದರೆ, ಗಾಡಿ ಜಾರಬಾರದೆಂದು ಪಾರ್ಕಿಂಗ್ ಬ್ರೇಕ್ ಹಾಕಿಕೊಂಡೇ ಪ್ಲೇ ಅಳೆಯುವುದು. ಪಾರ್ಕಿಂಗ್ ಬ್ರೇಕ್ ಪೆಡಲನ್ನು ಒತ್ತಿ ಹಿಡಿದಿರುವಾಗ ಅಳೆಯಲು ಉಳಿಯುವುದು ಅವರ ತಾಳ್ಮೆಯೊಂದೇ.

ಇದಕ್ಕೆ ಆಕ್ಷೇಪಗಳಿವೆ. ತೋಟದಲ್ಲಿ ಎತ್ತಿನ ನಡಿಗೆಯಲ್ಲಿ ಹೋಗುವ ಗಾಡಿಗೆ ಇಷ್ಟೊಂದು ಶಾಸ್ತ್ರ ಏಕೆ ಎಂಬುದು ಮೊದಲನೆಯದು. ತೋಟದ ಮಟ್ಟಿಗೆ ಒಪ್ಪಬಹುದು. ಆದರೆ ಅದೇ ಗಾಡಿ ಸಂಜೆಗೆ ತೆಂಗಿನಕಾಯಿ ತುಂಬಿದ ಟ್ರಾಲಿ ಎಳೆದುಕೊಂಡು ಇಳಿಜಾರಿಗೆ ಬರುತ್ತದೆ. ಟ್ರಾಲಿಗೆ ಬಹುಮಟ್ಟಿಗೆ ಸ್ವಂತ ಬ್ರೇಕ್ ಇರುವುದಿಲ್ಲ, ಅದು ಹಿಂದಿನಿಂದ ನೂಕುತ್ತದೆ. ಆಗ ಎರಡು ಚಕ್ರ ಎರಡು ಅಭಿಪ್ರಾಯ ಹೇಳಿದರೆ ಮಧ್ಯಸ್ಥಿಕೆ ಮಾಡುವುದು ಚರಂಡಿ. ನಮ್ಮದು ಎಣ್ಣೆಯಲ್ಲಿ ಮುಳುಗಿದ ಡಿಸ್ಕ್ ಬ್ರೇಕ್, ಅದಕ್ಕೆ ಏನೂ ಬೇಡ ಎಂಬುದು ಎರಡನೆಯದು. ಅದು ನಿಧಾನವಾಗಿ ಸವೆಯುತ್ತದೆ ನಿಜ, ಆದರೆ ಸವೆಯದೇ ಇರುವುದಿಲ್ಲ. ಪೆಡಲಿನ ಪ್ಲೇ ಅದಕ್ಕೂ ಬೇಕು. ಮೂರನೆಯ ಆಕ್ಷೇಪ ಊರಿನದು: ಗೊತ್ತಿಲ್ಲದವರು ಇದನ್ನು ಮುಟ್ಟಲೇಬಾರದು, ಮೆಕ್ಯಾನಿಕ್‌ಗೆ ಬಿಡಬೇಕು. ಇಲ್ಲಿ ಮಾತ್ರ ನಾನು ಯಜಮಾನರ ಪರ. ಪ್ಲೇ ನೋಡಿಕೊಳ್ಳುವ ಕ್ರಮವನ್ನು ಅನೇಕ ಕೈಪಿಡಿಗಳು ಮಾಲೀಕನಿಗೆಂದೇ ವಿವರಿಸುತ್ತವೆ. ಬಳ್ಳಾರಿಯ ಆಚೆಗಿರುವ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ ಕೃಷಿ ಯಂತ್ರಗಳನ್ನು ನಡೆಸುವ, ನೋಡಿಕೊಳ್ಳುವ ಬಗೆಯನ್ನು ಕಲಿಸಲೆಂದೇ ಕೇಂದ್ರ ಸರ್ಕಾರ ಒಂದು ಸಂಸ್ಥೆ ಇಟ್ಟಿದೆ. ಬ್ರೇಕ್ ಹಿಡಿಯದಿದ್ದರೂ 'ನಡೀತದೆ ಬಿಡು' ಎನ್ನುವವರಿಗಿಂತ ಅನುಮಾನ ಬಂದು ಮಲಗುವವರು ಮೇಲು.

ಆದ್ದರಿಂದ ಇವರಿಗೆ ಹೇಳಬೇಕಾದದ್ದು ಪಾನಾ ಕೆಳಗಿಡಿ ಎಂದಲ್ಲ, ಜೊತೆಗೊಂದು ಸ್ಕೇಲ್ ಇಟ್ಟುಕೊಳ್ಳಿ ಎಂದು. ಸಮತಟ್ಟಾದ ಜಾಗದಲ್ಲಿ ಎಂಜಿನ್ ನಿಲ್ಲಿಸಿ, ಮುಂದಿನ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು, ಪಾರ್ಕಿಂಗ್ ಬ್ರೇಕ್ ಬಿಟ್ಟು, ಎರಡೂ ಪೆಡಲಿನ ಪ್ಲೇ ಅಳೆಯಲಿ. ಲಾಕ್ ನಟ್ ಸಡಿಲಿಸಿ, ಅಳತೆ ಸರಿಮಾಡಿ, ಮತ್ತೆ ಲಾಕ್ ಮಾಡಲಿ. ಬಿಗಿ ಮಾಡುವ ಆಸೆಯನ್ನೆಲ್ಲ ಆ ಲಾಕ್ ನಟ್ಟಿನ ಮೇಲೆ ತೀರಿಸಿಕೊಳ್ಳಬಹುದು. ಬಳಿಕ ಕೊಂಡಿ ಹಾಕಿ, ಖಾಲಿ ಬಯಲಿನಲ್ಲಿ ನಿಧಾನವಾಗಿ ಓಡಿಸಿ ಬ್ರೇಕ್ ಒತ್ತಿದಾಗ ಗಾಡಿ ನೇರವಾಗಿ ನಿಂತರೆ ಕೆಲಸ ಮುಗಿಯಿತು. ಎಷ್ಟು ಸರಿಮಾಡಿದರೂ ಹಿಡಿಯದಿದ್ದರೆ ಲೈನರ್ ಮುಗಿದಿದೆ, ಇಲ್ಲವೇ ಒಣ ಬ್ರೇಕಿಗೆ ಎಣ್ಣೆ ಸೋರಿದೆ. ಅದು ಮೆಕ್ಯಾನಿಕ್‌ನ ಸರದಿ. ಇವರು ಪಳಗಿದರೋ ಇಲ್ಲವೋ ತಿಳಿಯಬೇಕಾದರೆ ಬ್ರೇಕ್ ಹೇಗಿದೆ ಎಂದು ಕೇಳಿ ನೋಡಿ. 'ಕಲ್ಲಿನ ಹಾಗಿದೆ' ಎಂದರೆ ಅವರ ಗಾಡಿ ಹೋಗುವ ತನಕ ಬೇಲಿಯ ಆಚೆ ನಿಲ್ಲಿ. 'ಎರಡೂ ಕಡೆ 30 ಮಿಲಿಮೀಟರ್' ಎಂದರೆ ನಿಮ್ಮ ಕಾಯಿ ಮೂಟೆಯನ್ನೂ ಅದೇ ಟ್ರಾಲಿಗೆ ಹಾಕಿ ಕಳಿಸಬಹುದು.