ಬಿಸಿಲು ಅಳೆಯುವ ಮಹನೀಯರಿಗೊಂದು ಬಹಿರಂಗ ಪತ್ರ

‘ಬೊಕ್ತಾಯ್’ ವಿಡಿಯೊ ಆಟದ ಕಾರ್ಟ್ರಿಡ್ಜಿನ ನೆತ್ತಿಯಲ್ಲಿ ವಿರಾಜಮಾನರಾಗಿರುವ ಸನ್ಮಾನ್ಯ ಸೋಲಾರ್ ಸೆನ್ಸರ್ ಅವರ ಸನ್ನಿಧಿಗೆ, ಸ್ಪೀಡ್‌ರನ್ (ಆಟವನ್ನು ಆದಷ್ಟು ಬೇಗ ಮುಗಿಸುವ ಓಟ) ಹುಚ್ಚು ಹಿಡಿದ ಬಡಪಾಯಿಯ ಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ ಸಾಂಪ್ರತ. ಇಲ್ಲಿ ಬೆಳಗಿನಿಂದ ಮೋಡ. ತಾವು ಎಂದಿನಂತೆ ಮೌನವ್ರತದಲ್ಲಿದ್ದೀರೆಂದು ತಿಳಿದಿದ್ದೇನೆ.

ಮೊದಲಿಗೆ ತಮ್ಮ ಅವತಾರಕ್ಕೆ ಕೃತಜ್ಞತೆ. ಮಕ್ಕಳು ಮನೆಯ ಮೂಲೆ ಬಿಟ್ಟು ಬಯಲಿಗೆ ಬರಲೆಂದು ‘ಮೆಟಲ್ ಗೇರ್’ ಖ್ಯಾತಿಯ ಹಿದೆಯೊ ಕೊಜಿಮಾ ತಮ್ಮನ್ನು ಗೇಮ್‌ಬಾಯ್ ಅಡ್ವಾನ್ಸ್‌ನ ಆಟಕ್ಕೆ ಕೂರಿಸಿದರು. 2003ರ ಜುಲೈನಲ್ಲಿ ಕೊನಾಮಿ ಕಂಪನಿ ತಮ್ಮನ್ನು ಜಪಾನಿನ ಅಂಗಡಿಗಳಿಗೆ ಬಿಜಯಂಗೈಸಿತು. ಅಲ್ಲಿನ ಮಳೆಗಾಲ ಇನ್ನೂ ಬಾಲ ಎಳೆಯುತ್ತಿರುವ ತಿಂಗಳದು. ಕೊಡೆ ಹಿಡಿದ ಊರಿಗೆ ಬಿಸಿಲಿನ ಆಟ! ತಮ್ಮ ಮುಹೂರ್ತಜ್ಞಾನಕ್ಕೆ ಅಂದೇ ಸಾಕ್ಷಿ ಸಿಕ್ಕಿತ್ತು.

ತಮ್ಮ ನ್ಯಾಯನಿಷ್ಠೆಯನ್ನು ಹೊಗಳಲು ನಾಲಿಗೆ ಸಾಲದು. ಟ್ಯೂಬ್‌ಲೈಟು ತೋರಿಸಿದರೆ ಕಣ್ಣೆತ್ತಿಯೂ ನೋಡುವುದಿಲ್ಲ; ಕಿಟಕಿಯ ಗಾಜಿನ ಹಿಂದೆ ಕೂತರೆ ಮುಖ ಗಂಟಿಕ್ಕುತ್ತೀರಿ. ಸರಿ ಎಂದು ತಾರಸಿಗೆ ಬಂದರೆ ಪರದೆ ಬಿಸಿಲಿಗೆ ಬೆಳ್ಳಗಾಗಿ, ಆಟದ ನಾಯಕ ಜಾಂಗೋ ಎಲ್ಲಿದ್ದಾನೆ, ನಡೆದಾಡುವ ಶವ ಎಲ್ಲಿದೆ ಒಂದೂ ಕಾಣದು. ಅಡ್ವಾನ್ಸ್ ಎಸ್‌ಪಿಯಲ್ಲಂತೂ ಕಾರ್ಟ್ರಿಡ್ಜ್ ಕೆಳಗಡೆ, ಆಡುವವನ ಹೊಟ್ಟೆಗೆದುರಾಗಿ ಕೂರುತ್ತದೆ. ಪರದೆ ಕಾಣಲೆಂದು ನಾನು ಬಗ್ಗಿದರೆ ನನ್ನದೇ ನೆರಳು ತಮ್ಮ ಮೇಲೆ ಬೀಳುತ್ತದೆ, ಬಿಸಿಲಿನ ಗೇಜು ಸರ್ರನೆ ಇಳಿಯುತ್ತದೆ. ಹೀಗೆ ಭಕ್ತನನ್ನೇ ಗ್ರಹಣವಾಗಿಸುವ ಕಲೆ ತಮಗೊಬ್ಬರಿಗೇ ಸಿದ್ಧಿಸಿದ್ದು.

ಇನ್ನು ಬಾಸ್‌ಗಳಾದ ರಕ್ತಪಿಶಾಚಿಗಳ ಪ್ರಸಂಗ. ಬೇರೆ ಆಟಗಳಲ್ಲಿ ಬಾಸ್ ಸತ್ತರೆ ಕೆಲಸ ಮುಗಿಯಿತು. ತಮ್ಮಲ್ಲಿ ಹಾಗಲ್ಲ. ಅವನನ್ನು ಶವಪೆಟ್ಟಿಗೆಗೆ ತುಂಬಿ, ಕೋಟೆಯುದ್ದಕ್ಕೂ ಎಳೆದು ತಂದು, ಅಂಗಳದ ಪೈಲ್ ಡ್ರೈವರ್ ಯಂತ್ರದ ನಡುವೆ ಇಟ್ಟು, ನಿಜವಾದ ಬಿಸಿಲಲ್ಲಿ ಸುಡಬೇಕು. ದಾರಿಯಲ್ಲಿ ಪೆಟ್ಟಿಗೆ ಒದ್ದಾಡುತ್ತದೆ. ಕೈಬಿಟ್ಟರೆ ಬಂದ ದಾರಿಗೇ ತೆವಳುತ್ತದೆ. ಆ ಎಳೆದಾಟವನ್ನು ಅಭ್ಯಾಸ ಮಾಡಬಹುದು. ಯಾವ ತಿರುವಿನಲ್ಲಿ ಯಾವ ಬಟನ್ ಎಂದು ಬೆರಳಿಗೆ ಕಲಿಸಬಹುದು. ಯಂತ್ರ ಶುರುವಾಗಿ, ಟೈಮರ್ ಓಡುತ್ತಿರುವಾಗ, ಎಲ್ಲಿಂದಲೋ ಬಂದು ಸೂರ್ಯನ ಮುಂದೆ ನಿಂತ ಮೋಡಕ್ಕೆ ಯಾವ ಅಭ್ಯಾಸ ಮಾಡಲಿ, ಸ್ವಾಮಿ? ಹೊರಗಿನ ಬೆಳಕು ಮರಳುವವರೆಗೆ ಒಳಗಿನ ಪಿಶಾಚಿ ಹೊಡೆಯುತ್ತಲೇ ಇರುತ್ತಾನೆ.

ಬಿಸಿಲು ಸಾಲದಿದ್ದರೆ ಶಕ್ತಿ ಸಾಲ ತೆಗೆದುಕೊಳ್ಳುವ ಏರ್ಪಾಡು ಆಟದಲ್ಲಿರುವುದು ತಮ್ಮ ಔದಾರ್ಯ. ಬಿಸಿಲು ಹೆಚ್ಚಾದರೆ ಜಾಂಗೋನ ಬಿಸಿಲು-ಬಂದೂಕು ಕಾದು ಕೈಕೊಡುವುದು ತಮ್ಮ ಮಿತಾಹಾರಬೋಧೆ. ಎರಡಕ್ಕೂ ನಾನು ಚಿರಋಣಿ.

ಓಟದ ದಾಖಲೆಗೆ ವಿಡಿಯೊ ಬೇಡವೇ? ಅದಕ್ಕೆ ಗೇಮ್‌ಬಾಯ್ ಪ್ಲೇಯರ್ ಇದೆ, ಗೇಮ್‌ಕ್ಯೂಬಿನ ತಳಕ್ಕೆ ಸಿಕ್ಕಿಸಿ ಟಿವಿಯಲ್ಲಿ ಆಡಬಹುದು. ತಾವು ಆ ಪೆಟ್ಟಿಗೆಯ ಅಡಿಯಲ್ಲಿ, ಟಿವಿ ಹಜಾರದಲ್ಲಿ, ಸೂರ್ಯ ಬೀದಿಯಲ್ಲಿ. ಯಾರನ್ನು ಯಾರ ಬಳಿಗೆ ಕರೆದೊಯ್ಯಬೇಕೆಂದು ದಯವಿಟ್ಟು ಅಪ್ಪಣೆ ಕೊಡಿಸಬೇಕು.

ಬುದ್ಧಿವಂತರು ಅಪ್ಪಣೆಗೆ ಕಾಯಲಿಲ್ಲ. ಕತ್ತಲ ಕೋಣೆ ಸೇರಿ ನೇರಳಾತೀತ ದೀಪವನ್ನು ತಮ್ಮ ಮುಂದೆ ಹಿಡಿದರು. ಆಟವನ್ನು ಕಂಪ್ಯೂಟರಿನಲ್ಲಿ ಓಡಿಸುವ ಎಮ್ಯುಲೇಟರ್ ಭಕ್ತರು ಇನ್ನೂ ಮುಂದೆ ಹೋಗಿ, ಸೂರ್ಯನನ್ನೇ ಮೆನುವಿನೊಳಗಿನ ಅಂಕಿ ಮಾಡಿಕೊಂಡರು. ಬೇಕಾದಾಗ ಏರಿಸುತ್ತಾರೆ, ಬೇಡದಾಗ ಇಳಿಸುತ್ತಾರೆ. ಅವರ ಚರ್ಮ ತಣ್ಣಗಿದೆ, ಟೈಮೂ ಚೆನ್ನಾಗಿದೆ. ಹೊರಗೆ ಬನ್ನಿ ಎಂದ ತಮ್ಮ ಮಾತನ್ನು ನಂಬಿ ಕುತ್ತಿಗೆ ಕರ್ರಗಾದವನು ನಾನು, ದಾಖಲೆ ಪಟ್ಟಿಯ ತಳದಲ್ಲಿದ್ದೇನೆ. ಬಯಲಿಗೆ ಕರೆಯಲು ಹುಟ್ಟಿದ ಆಟ ತನ್ನ ಕಟ್ಟಾ ಭಕ್ತರನ್ನು ಕಿಟಕಿಯ ಪರದೆ ಎಳೆದು ಕೂರಿಸಿತಲ್ಲ, ಈ ಲೀಲೆಯನ್ನು ಕೊಜಿಮಾ ಕೂಡ ಊಹಿಸಿರಲಾರರು.

ತಮ್ಮ ಮನೆಯವರಿಗೇ ತಾವು ಸಾಕೆನಿಸಿದ್ದು ಬೇರೆ ವಿಷಯ. 2006ರಲ್ಲಿ ಡಿಎಸ್‌ಗೆ ಬಂದ ಇದೇ ಸರಣಿಯ ಹೊಸ ಆಟದ ಕಾರ್ಡಿನಲ್ಲಿ ತಮಗೆ ಜಾಗವಿರಲಿಲ್ಲ. ಹವಾಮಾನವನ್ನು ಆಟದೊಳಗೇ ಬರೆದುಬಿಟ್ಟರು. ನಾನಿದನ್ನು ಚುಚ್ಚಲು ಹೇಳುತ್ತಿಲ್ಲ, ಸುದ್ದಿ ಮುಟ್ಟಿಸಿದೆ ಅಷ್ಟೆ.

ನನ್ನ ಬಿನ್ನಹ ಚಿಕ್ಕದು. ಮುಂದಿನ ಬಾಸ್‌ನ ಪೆಟ್ಟಿಗೆ ಅಂಗಳ ಮುಟ್ಟಿದಾಗ ಒಂದು ತುಂಡು ಮೋಡವನ್ನು ಕಂಡೂ ಕಾಣದಂತೆ ಬಿಟ್ಟುಬಿಡಿ. ಯಾರಿಗೂ ಹೇಳುವುದಿಲ್ಲ.

ಇಂತಿ ತಮ್ಮ ವಿಧೇಯ,
ತಾರಸಿಯ ಮೇಲಿನ ಓಟಗಾರ

ಪ್ರತಿ: ಅದೇ ಕಾರ್ಟ್ರಿಡ್ಜಿನಲ್ಲಿ ವಾಸವಾಗಿರುವ, ಆಟಕ್ಕೆ ಹಗಲು-ರಾತ್ರಿ ಹೇಳುವ ಗಡಿಯಾರದವರಿಗೆ. ಬ್ಯಾಟರಿ ಮುಗಿದು ತಾವು ಮಲಗಿದ ಮೇಲೆ ನನ್ನ ಮಧ್ಯಾಹ್ನಗಳೆಲ್ಲ ಆಟದಲ್ಲಿ ಏನಾಗುತ್ತಿವೆ ಎಂಬ ಬಗ್ಗೆ ಪ್ರತ್ಯೇಕ ಪತ್ರ ಬರುತ್ತದೆ.